ಗೋಡೆ ಒಣಗುವ ಮುನ್ನ

ಒಬ್ಬರು ಹೇಳಿದರೆ ಗೆರೆ, ಇಬ್ಬರು ಹೇಳಿದರೆ ಬಣ್ಣ. ಸೌರಿಕೊಪ್ಪಲಿನ ಹಳೆಯ ಚರ್ಚಿನ ಉತ್ತರದ ಗೋಡೆಗೆ ಇದ್ದ ಕಾನೂನು ಇಷ್ಟೇ.

ಆ ಗೋಡೆಗೆ ಬಳಿದಿದ್ದು ಅಂಗಡಿಯಲ್ಲಿ ಸಿಗುವ ಸುಣ್ಣವಲ್ಲ. ಮೈಸೂರಿನ ಒಂದು ಸಂಸ್ಥೆಯವರು ತಿಂಗಳುಗಟ್ಟಲೆ ನೆನೆಹಾಕಿದ ಸುಣ್ಣದ ಗಾರೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳನ್ನು ಬೆರೆಸಿ ತಂದಿದ್ದರು. ಗಾರೆ ಹಸಿಯಾಗಿರುವಷ್ಟು ದಿನ ಆ ಕಣಗಳು ತಮ್ಮ ಮೇಲೆ ಬಿದ್ದ ಬೆಳಕಿನಂತೆ ಹೊರಳಿ ಬಣ್ಣ ಬದಲಿಸುತ್ತಿದ್ದವು. ಒಣಗಿದ ಮೇಲೆ ಹೇಗೆ ಹೊರಳಿದ್ದವೋ ಹಾಗೆಯೇ ಕಲ್ಲಾಗಿ ನಿಂತುಬಿಡುತ್ತಿದ್ದವು. ಊರವರು ತಮ್ಮ ನೆನಪುಗಳನ್ನು ಹೇಳಬೇಕು, ಯಂತ್ರ ಕೇಳಿಸಿಕೊಂಡು ಚಿತ್ರ ಕಟ್ಟಬೇಕು, ಬೆಳಕು ಅದನ್ನು ಗೋಡೆಗೆ ಬರೆಯಬೇಕು. ಒಬ್ಬರೇ ಹೇಳಿದ್ದು ಸೀಸದ ಕಡ್ಡಿಯಲ್ಲಿ ಗೀಚಿದಂತೆ ತೆಳ್ಳಗೆ ಕಾಣುತ್ತಿತ್ತು. ಅದನ್ನೇ ಇನ್ನೊಬ್ಬರು ತಾವು ನಿಂತಿದ್ದ ಕಡೆಯಿಂದ, ತಾವು ಕಂಡ ಹಾಗೆ ಹೇಳಿದರೆ ಬಣ್ಣ ತುಂಬುತ್ತಿತ್ತು. ಗೋಡೆ ಒಣಗುವ ದಿನ ಬಣ್ಣ ಉಳಿಯುತ್ತದೆ, ಗೆರೆ ಅಳಿಯುತ್ತದೆ.

ಮದುವೆಗೆ ಇಬ್ಬರು ಸಾಕ್ಷಿ, ಜ್ಞಾನಸ್ನಾನಕ್ಕೆ ಇಬ್ಬರು ಸಾಕ್ಷಿ ಎಂದು ಇನ್ನೂರು ವರ್ಷದಿಂದ ನಡೆದುಕೊಂಡು ಬಂದ ಊರಿಗೆ ಈ ಕಾನೂನು ವಿಚಿತ್ರವಾಗಿ ಕಾಣಲಿಲ್ಲ.

ಗೋಡೆಯನ್ನು ಹಸಿಯಾಗಿಡುವುದಕ್ಕೆ ತಪಸ್ಸು ಕಾಲವನ್ನೇ ಆರಿಸಿದ್ದರು. ಬೂದಿ ಬುಧವಾರದಿಂದ ಪವಿತ್ರ ಶನಿವಾರದ ತನಕ, ಭಾನುವಾರಗಳನ್ನು ಬಿಟ್ಟರೆ ಸರಿಯಾಗಿ ನಲವತ್ತು ದಿನ. ಬೆಳಿಗ್ಗೆ ಹೆಂಗಸರು ಬಿಂದಿಗೆ ತಂದು ಗೋಡೆಗೆ ನೀರು ಚಿಮುಕಿಸಿ, ಒದ್ದೆ ಗೋಣಿತಾಟು ಇಳಿಬಿಟ್ಟು ಹೋಗುತ್ತಿದ್ದರು. ಸಂಜೆ ತಾಟು ಎತ್ತಿದರೆ ಹಿಂದಿನ ದಿನ ಹೇಳಿದ್ದು ಗೋಡೆಯ ಮೇಲೆ ಮೂಡಿರುತ್ತಿತ್ತು. ವರ್ಷಕ್ಕೆ ಹನ್ನೆರಡೇ ಪೂಜೆ ನಡೆಯುವಷ್ಟು ಜನ ಕರಗಿಹೋಗಿದ್ದ ಆ ಚರ್ಚಿಗೆ ಈಗ ದಿನಾ ಸಂಜೆ ಐವತ್ತು ಜನ ಬರುತ್ತಿದ್ದರು.

ಯಂತ್ರ ನೋಡಿಕೊಳ್ಳುವ ಕೆಲಸ ಮದಲೇನಳದು. ನಲವತ್ತನಾಲ್ಕು ವರ್ಷದ ಹೆಂಗಸು, ಮದುವೆಯಾದವಳಲ್ಲ. ಹಗಲು ಬಟ್ಟೆ ಅಂಗಡಿಯಲ್ಲಿ ನಿಂತು, ಸಂಜೆ ಕಾಲೇಜಿನಲ್ಲಿ ಓದಿ ಡಿಪ್ಲೊಮಾ ಮಾಡಿಕೊಂಡಿದ್ದಳು. ಹಗಲು ಓದಿದವರಿಗೆ ಗೊತ್ತಿರುವ ಏನೋ ಒಂದು ತನಗೆ ಗೊತ್ತಿಲ್ಲವೆಂಬ ಅಳುಕು ಅವಳನ್ನು ಬಿಟ್ಟಿರಲಿಲ್ಲ. ಸ್ವಿಚ್ಚು ಆರಿಸಿ ಬಾಗಿಲ ತನಕ ಹೋಗಿ, ಮತ್ತೆ ಬಂದು ಆರಿಸಿದ್ದೀನಾ ಎಂದು ನೋಡುತ್ತಿದ್ದಳು. ಪೂಜೆಯ ಬಟ್ಟೆಗಳನ್ನಿಡುವ ಹಿಂಬದಿಯ ಕೋಣೆಯಲ್ಲಿ ಅವಳ ಪರದೆ, ತಂತಿಗಳು, ಕಿವಿಗೆ ಹಾಕಿಕೊಳ್ಳುವ ಫೋನು. ಮೈಕು ಇಟ್ಟಿದ್ದು ಮಾತ್ರ ಹಳೆಯ ಪಾಪನಿವೇದನೆಯ ಗೂಡಿನೊಳಗೆ. ಅಲ್ಲಿ ಕೂತವರ ಹೆಸರನ್ನು ಯಂತ್ರ ಕೇಳುತ್ತಿರಲಿಲ್ಲ. ಎರಡು ದನಿ ಬೇರೆ ಬೇರೆಯೋ ಅಲ್ಲವೋ ಎಂಬುದಷ್ಟೇ ಅದಕ್ಕೆ ಬೇಕಾಗಿದ್ದದ್ದು.

ಲಾಜರಪ್ಪ ಎಂಬ ಎಪ್ಪತ್ತರ ಮುದುಕ, ಕಾವೇರಿ ಉಕ್ಕಿ ಬಂದ ವರ್ಷ ತಾನೇ ಗಂಟೆ ಹೊಡೆದು ಊರು ಉಳಿಸಿದ್ದೆಂದು ಮೂರು ಸಲ ಗೂಡಿಗೆ ಹೋಗಿ ಹೇಳಿ ಬಂದಿದ್ದ. ಒಬ್ಬನೇ ಮೂರು ಸಲ ಹೇಳಿದರೂ ಗೆರೆ ಗೆರೆಯೇ.

"ನಾ ಗಂಟೆ ಒಡೆದಿದ್ಕೇ ಕಣ್ರೋ ನೀವೆಲ್ಲ ಇವತ್ತು ಉಸ್ರಾಡ್ತಾ ಇರದು," ಎಂದು ಅವನು ಗೋಡೆಯ ಮುಂದೆ ನಿಂತು ಹೇಳಿದ.

"ಗಂಟೆ ಒಡೆದದ್ದು ನಿಮ್ಮಣ್ಣ," ಎಂದಳು ಪಕ್ಕದ ಮನೆಯ ಕರುಣಮ್ಮ. "ನೀನು ಅಟ್ಟದ ಮ್ಯಾಲೆ ಕುಂತು ಗೊಳೋ ಅಂತಿದ್ದೆ. ಬೇಕಾರೆ ಅದ್ಕೆ ನಾ ಸಾಕ್ಸಿ ಏಳ್ತೀನಿ."

ಹೇಳಿಯೂ ಬಿಟ್ಟಳು. ಲಾಜರಪ್ಪನ ಸ್ವಂತ ತಂಗಿ ಅದೇ ಮಾತನ್ನು ಹಿಂದಿನ ವಾರವೇ ಹೇಳಿದ್ದಳಂತೆ. ಮಾರನೆಯ ಸಂಜೆ ತಾಟು ಎತ್ತಿದರೆ, ಅಟ್ಟದ ಮೇಲೆ ಮೂಗು ಸುರಿಸುತ್ತಾ ಕೂತ ಹುಡುಗ ತುಂಬು ಬಣ್ಣದಲ್ಲಿದ್ದ. ಲಾಜರಪ್ಪ ಎರಡು ದಿನ ಚರ್ಚಿನ ಕಡೆ ತಲೆ ಹಾಕಲಿಲ್ಲ. ಮೂರನೆಯ ದಿನ ಬಂದು, "ಮೂಗು ನಂದೇಯ," ಎಂದು ಒಪ್ಪಿಕೊಂಡ.

ಇಂಥ ನಗುವೆಲ್ಲ ಮದಲೇನಳಿಗೆ ಹಿಂಬದಿಯ ಕೋಣೆಯಿಂದ ಕೇಳಿಸುತ್ತಿತ್ತು. ಅವಳು ಈಚೆ ಬರುತ್ತಿರಲಿಲ್ಲ. ಅವಳೂ ಇದೇ ಊರಿನವಳು. ಎಂಟು ವರ್ಷದವಳಿದ್ದಾಗ ತಾಯಿ ಜ್ಞಾನಮ್ಮ ತೀರಿಕೊಂಡು, ಮೈಸೂರಿನ ಸಿಸ್ಟರುಗಳ ಅನಾಥಾಲಯ ಸೇರಿದ್ದಳು. ಮೂವತ್ತಾರು ವರ್ಷದ ಮೇಲೆ ಬಂದರೆ ಗುರುತು ಹಿಡಿದವರು ಒಬ್ಬರೂ ಇಲ್ಲ.

ಮೊದಲ ದಿನ ಮೈಕು ಕೆಲಸ ಮಾಡುತ್ತದೆಯೇ ಎಂದು ನೋಡಲು ಯಾರಾದರೂ ಏನಾದರೂ ಹೇಳಬೇಕಾಗಿತ್ತು. ಮದಲೇನ ತನ್ನದನ್ನೇ ಹೇಳಿದ್ದಳು. ಪಾಸ್ಕ ಹಬ್ಬಕ್ಕೆ, ಎಂದರೆ ಈಸ್ಟರಿಗೆ, ಮುಂಚೆ ಅವಳವ್ವ ಏಣಿ ಹತ್ತಿ ಇದೇ ಗೋಡೆಗೆ ಸುಣ್ಣ ಹೊಡೆಯುತ್ತಿದ್ದಳು. ಕೆಳಗೆ ಏಣಿ ಹಿಡಿದು ನಿಂತ ಮಗಳ ಕಣ್ಣಿಗೆ ಸುಣ್ಣದ ಹನಿ ಬೀಳದಿರಲೆಂದು ಅವಳ ತಲೆಯ ಮೇಲೆ ಒಂದು ಮೊರ ಕವುಚುತ್ತಿದ್ದಳು. ಮೊರದ ಮೇಲೆ ಹನಿ ಬೀಳುವ ಸದ್ದು, ಬಿದಿರಿನ ಸಂದಿನಿಂದ ಕಾಣುವ ಅವ್ವನ ಹಿಮ್ಮಡಿ. ಅಷ್ಟೇ ಅವಳ ನೆನಪು.

ಅದು ಗೋಡೆಯ ಮೂಲೆಯಲ್ಲಿ ತೆಳ್ಳನೆಯ ಗೆರೆಯಾಗಿ ಮೂಡಿ, ಗೆರೆಯಾಗಿಯೇ ಉಳಿದಿತ್ತು. ಊರವರು ಹೇಳಿದ ಇನ್ನೂರ ಹದಿನಾಲ್ಕು ನೆನಪುಗಳನ್ನೂ ಮದಲೇನ ಕಿವಿಗೊಟ್ಟು ಕೇಳಿದ್ದಳು. ಸುಣ್ಣ ಹೊಡೆಸಿದ ಕಂಟ್ರಾಕ್ಟರನ ಹೆಸರು ನಾಲ್ಕು ಕಡೆ ಬಂದಿತ್ತು. ಹೊಡೆದವಳ ಹೆಸರು ಎಲ್ಲೂ ಬಂದಿರಲಿಲ್ಲ. ಕೇಳಿ ಹೇಳಿಸುವ ಹಾಗೂ ಇರಲಿಲ್ಲ. ಯಂತ್ರ ನೋಡಿಕೊಳ್ಳುವವರು ಯಾರಿಗೂ ನೆನಪಿಸಿಕೊಡಬಾರದು, ಯಾರ ಪರವಾಗಿಯೂ ಸಾಕ್ಷಿ ನುಡಿಯಬಾರದು ಎಂದು ನೇಮಕದ ಪತ್ರದಲ್ಲಿ ಬರೆದಿತ್ತು. ಅವಳು ಅದರ ಕೆಳಗೆ ಸಹಿ ಹಾಕಿದ್ದಳು.

ಇಪ್ಪತ್ತೊಂಬತ್ತನೆಯ ದಿನ ಅರೋಗ್ಯಮ್ಮ ಗೂಡಿಗೆ ಬಂದಳು. ಎಂಬತ್ತಮೂರು ವರ್ಷ. ಊರಿಗೆಲ್ಲ ಹಿರಿಯಳು. ಮೊಣಕಾಲೂರಲಾಗದೆ, ನಿಂತುಕೊಂಡೇ ಮೈಕಿಗೆ ಬಾಯಿಟ್ಟಳು.

"ನನ್ ಮದ್ವೆ ದಿನ ಮಳೆ ಬಂತು. ಮಾತೆ ತಿಂಗಳಾಗೆ, ಮೇನಾಗೆ. ಪೂಜೆ ಮುಗ್ಸಿ ಬಾಗ್ಲಿಗೆ ಬರೋವತ್ಗೆ ದಬದಬ ಅಂತ ಸುರೀತು. ನಮ್ಮೆಜಮಾನ ಚೌರಪ್ಪ, ಮೇಷ್ಟ್ರ ಕೋಟು ಎರ್ವು ಇಸ್ಕಂಡು ಆಕಿದ್ದ. ಅದುನ್ನ ಬಿಚ್ಚಿ ನನ್ ತಲೆ ಮ್ಯಾಲೆ ಇಡ್ದ. ಊ ಮರದ ತಂಕ ಅಂಗೇ ಇಡ್ಕಂಡು ಬಂದ, ತಾನು ನೆನಕಂಡು. ಕೋಟಿನ ಒಳ್ಗಡೆ ಬಟ್ಟೆ ಕೆಂಪು. ಬಣ್ಣ ಬಿಟ್ಟು ನನ್ ಬಿಳಿ ಸೀರೆ ಹೆಗಲೆಲ್ಲ ಕೆಂಪಾಯ್ತು. ಆಮ್ಯಾಕೆ ನಲವತ್ತೊರ್ಸ ಬದುಕಿದ್ದ, ಒಂದ್ ಒಳ್ಳೆ ಮಾತಿಲ್ಲ. ಕುಡುದ್ರೆ ಕೈ ಎತ್ತೋನು. ಆದ್ರೆ ಅವತ್ತು ಕೋಟು ಬಿಚ್ಚುದ್ನಲ್ಲ, ಅದುನ್ನ ಯಾರೂ ಏಳ್ಕೊಟ್ಟಿರ್ಲಿಲ್ಲ ಅವುನ್ಗೆ."

ಮಾರನೆಯ ಸಂಜೆ ಗೆರೆ ಮೂಡಿತು. ಇಬ್ಬರು ಮನುಷ್ಯರು, ಮೇಲೆ ಚಾಚಿದ ಎರಡು ತೋಳು, ಅವುಗಳ ನಡುವೆ ಕೋಟು. ಅರೋಗ್ಯಮ್ಮ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿ, ಕೋಣೆಯ ಬಾಗಿಲಿಗೆ ಬಂದಳು.

"ಬಣ್ಣ ಯಾವಾಗ ಬತ್ತದವ್ವ?"

"ಇನ್ನೊಬ್ಬರು ನೋಡಿದವರು ಹೇಳಬೇಕು ಅಜ್ಜಿ."

"ನೋಡ್ದೋರಾ," ಎಂದು ಅರೋಗ್ಯಮ್ಮ ಬೆರಳು ಮಡಿಸಿ ಲೆಕ್ಕ ಹಾಕಿದಳು. "ನೋಡ್ದೋರೆಲ್ಲ ಕಲ್ಲರೆವೊಳ್ಗೆ ಮಣ್ಣಾಗಿ ಮಲಗವ್ರೆ. ಹೋಗಿ ಎಬ್ಬುಸ್ಕಂಡು ಬರ್ಲಾ?" ನಗಾಡಿದಳು. ನಗು ಮುಗಿದ ಮೇಲೂ ಅಲ್ಲೇ ನಿಂತಿದ್ದಳು. "ಸೀರೆನಾದ್ರೂ ಮಡಗಿದ್ರೆ ಆಗ್ತಿತ್ತು. ತೊಟ್ಲಿಗೆ ಕಟ್ಟಿ ಹರುದೋಯ್ತು."

ಆ ಸಂಜೆ ಎಲ್ಲರೂ ಹೋದ ಮೇಲೆ ಮದಲೇನ ಗೋಣಿತಾಟು ಇಳಿಬಿಡಲು ಹೋದಳು. ಆ ಎರಡು ಗೆರೆಚಿತ್ರಗಳನ್ನು ನೋಡಿದಳು. ಒಂದು ತನ್ನದು, ಒಂದು ಅರೋಗ್ಯಮ್ಮನದು. ತನ್ನದಕ್ಕೆ ತಾನೇ ಎರಡನೆಯ ದನಿಯಾಗುವುದು ಕಳ್ಳತನ. ಇನ್ನೊಬ್ಬರದಕ್ಕೆ ಆದರೆ? ಸುಳ್ಳು ಸಾಕ್ಷಿ ಹೇಳಬೇಡ ಎಂದು ಉಪದೇಶದ ತರಗತಿಯಲ್ಲಿ ಕಲಿತಿದ್ದಳು. ಆದರೆ ನಡೆದದ್ದೇ ನಿಜವಾಗಿದ್ದರೆ ಸಾಕ್ಷಿ ಹೇಗೆ ಸುಳ್ಳಾದೀತು? ಹೀಗೆ ತನ್ನನ್ನು ತಾನೇ ಒಪ್ಪಿಸಿಕೊಂಡು, ಬಾಯಲ್ಲಿ ಎರಡು ಅಡಿಕೆ ಹೋಳಿಟ್ಟುಕೊಂಡು, ಗೂಡಿನೊಳಗೆ ಹೋಗಿ ಮುದುಕಿಯ ದನಿಯಲ್ಲಿ ಹೇಳಿದಳು: ಆಗ ನಾನು ಸಣ್ಣ ಹುಡುಗಿ, ಬಾಗಿಲ ಹತ್ತಿರ ನಿಂತಿದ್ದೆ, ಮಳೆ ಬಂತು, ಚೌರಪ್ಪ ಕೋಟು ಬಿಚ್ಚಿದ.

ಯಂತ್ರ ಒಪ್ಪಲಿಲ್ಲ. ಮೊದಲ ದನಿಯಲ್ಲಿ ಇಲ್ಲದ್ದು ಎರಡನೆಯದರಲ್ಲಿ ಏನಾದರೂ ಒಂದು ಇರಬೇಕಾಗಿತ್ತು. ಇಲ್ಲವಾದರೆ ಒಬ್ಬರ ಮಾತನ್ನು ಇನ್ನೊಬ್ಬರು ಬಾಯಿಪಾಠ ಮಾಡಿದ್ದೆಂದು ಅದು ತಿಳಿಯುತ್ತಿತ್ತು. ಮದಲೇನ ಕಣ್ಣು ಮುಚ್ಚಿ ಮಳೆಯನ್ನು ಊಹಿಸಿಕೊಂಡಳು. ಮಳೆಯಲ್ಲಿ ಏನಿರುತ್ತದೆ?

"ಹಿಂದ್ಗಡೆ ಯಾರೋ ಒಬ್ರು ಕರಿ ಕೊಡೆ ಇಡ್ಕಂಡು ಬತ್ತಿದ್ರು," ಎಂದಳು.

ಯಂತ್ರ ಒಪ್ಪಿತು.

ಮೂವತ್ತೊಂದನೆಯ ದಿನ ಬಣ್ಣ ತುಂಬಿದ ಚಿತ್ರದ ಮುಂದೆ ಜನ ಗುಂಪುಗಟ್ಟಿದರು. ಗೋಡೆಯ ಮೇಲೆ ಅಷ್ಟು ಚೆಲುವಾದ ಚಿತ್ರ ಇನ್ನೊಂದಿರಲಿಲ್ಲ. ಬಿಳಿ ಸೀರೆಯ ಹುಡುಗಿ, ಪಕ್ಕದಲ್ಲಿ ಎತ್ತರದ ಗಂಡು, ಬೆಳ್ಳಿ ದಾರದಂಥ ಮಳೆ. ಅವಳ ತಲೆಯ ಮೇಲೆ ಅವನು ಹಿಡಿದ ಕರಿಯ ಕೊಡೆ. ಕೋಟು ಅವನ ಮೈಮೇಲಿತ್ತು, ಗುಂಡಿಗಳೆಲ್ಲ ಹಾಕಿದ್ದವು.

ಮದಲೇನಳಿಗೆ ಆದದ್ದೇನೆಂದು ಕೂಡಲೇ ಹೊಳೆಯಿತು. ಮಳೆ, ಮದುವಣಗಿತ್ತಿ, ಕೊಡೆ ಈ ಮೂರೂ ಒಂದೇ ಕಡೆ ಇದ್ದರೆ ಕೊಡೆ ಯಾರ ತಲೆಯ ಮೇಲಿರಬೇಕು ಎಂಬುದನ್ನು ಯಂತ್ರ ಸಾವಿರಾರು ಮದುವೆಯ ಫೋಟೋಗಳಿಂದ ಕಲಿತಿತ್ತು. ಕೊಡೆ ಇರುವಾಗ ಕೋಟನ್ನು ಯಾರಾದರೂ ಯಾಕೆ ಬಿಚ್ಚುತ್ತಾರೆ? ಇಬ್ಬರ ಮಾತನ್ನೂ ಹೊಂದಿಸಿ ಅದು ಅಚ್ಚುಕಟ್ಟಾದ ತೀರ್ಮಾನಕ್ಕೆ ಬಂದಿತ್ತು.

"ಕೊಡೆ ಇರ್ಲಿಲ್ವಲ್ಲ ಕಣವ್ವ," ಎಂದಳು ಅರೋಗ್ಯಮ್ಮ. ಆದರೆ ಅವಳ ಮುಖ ಬೇರೆಯದೇ ಕಾರಣಕ್ಕೆ ಅರಳಿತ್ತು. "ಅದಿರ್ಲಿ. ಯಾರೋ ನೋಡವ್ರೆ ನಮ್ಮುನ್ನ. ಇನ್ನೂ ಬದುಕವ್ರೆ. ಯಾರು ಅಂತ ಏಳವ್ವ?"

"ಗೂಡಿನಲ್ಲಿ ಹೆಸರಿರಲ್ಲ ಅಜ್ಜಿ. ಆಗ ಬಾಗಿಲ ಹತ್ತಿರ ನಿಂತಿದ್ದ ಸಣ್ಣ ಹುಡುಗಿ ಅಂತಷ್ಟೇ ಇದೆ."

"ಯಾರು ಅಂತ ಗೊತ್ತಾದ್ರೆ ಒಂದ್ ಗಳ್ಗೆ ಕುಂತ್ಕಂಡು ಮಾತಾಡ್ಬೌದಿತ್ತು."

ಅರೋಗ್ಯಮ್ಮ ಊರೆಲ್ಲ ಹುಡುಕಿದಳು. ಎಪ್ಪತ್ತು ದಾಟಿದ ಹೆಂಗಸರ ಮನೆಯ ಬಾಗಿಲಿಗೆಲ್ಲ ಕೋಲೂರಿಕೊಂಡು ಹೋಗಿ, "ನೀನೇನವ್ವ ಬಾಗ್ಲತ್ರ ನಿಂತಿದ್ದವ್ಳು?" ಎಂದು ಕೇಳಿದಳು. ಎಲ್ಲರೂ ಅಲ್ಲವೆಂದರು. ಅವಳು ಬೇಸರಿಸಲಿಲ್ಲ. ನಾಚಿಕೊಂಡಿರಬೇಕು, ಹೇಳಿಯಾಳು ಎಂದುಕೊಂಡಳು. ದಿನಾ ಸಂಜೆ ಬಂದು ಚಿತ್ರದ ಮುಂದೆ ಕೂರುತ್ತಿದ್ದಳು. ಗರಿಗಳ ಭಾನುವಾರದ ಹೊತ್ತಿಗೆ ಅವಳ ಮಾತು ಬದಲಾಗಿತ್ತು.

"ಕೊಡೆ ಇತ್ತೇನೋ," ಎಂದಳು, ಕೈಯಲ್ಲಿ ತೆಂಗಿನ ಗರಿ ಮಡಿಸುತ್ತಾ. "ನಂಗೇ ಮರ್ತೋಗದೆ. ಮೇಷ್ಟ್ರ ಮನೇಲಿ ಒಂದು ಕೊಡೆ ಇತ್ತು, ಅದ್ನೂ ಇಸ್ಕಂಡಿರ್ಬೇಕು. ಅಂಗಾರೆ ಕೋಟು ಯಾವಾಗ ಬಿಚ್ದ? ಸೀರೆ ಯಾಕ್ ಕೆಂಪಾಯ್ತು? ಗ್ವಾಡೆನೇ ಏಳ್ತಾ ಅದೆ ಅಂದ್ರೆ ನಾನೇ ಏನೋ ಕಟ್ಕಂಡಿರ್ಬೇಕು. ಅವನು ಅಂಥವನಲ್ವಲ್ಲ."

ಮದಲೇನ ತಂತಿ ಸುತ್ತುತ್ತಾ ನಿಂತಳು.

"ನಿನ್ನದೂ ಒಂದು ಗೆರೆ ಅದಂತಲ್ಲ, ಮೊರ ಇರೋದು," ಎಂದಳು ಅರೋಗ್ಯಮ್ಮ. "ಕರುಣಮ್ಮ ಏಳುದ್ಲು, ಮೊದಲ್ನೇ ದಿನ ನೀನು ಮೈಕಿಗೆ ಏಳಿದ್ನ ಕೇಳುಸ್ಕಂಡಿದ್ಲಂತೆ. ಸುಣ್ಣ ಒಡ್ಯಕೆ ಯಾರ್ಯಾರೋ ಬತ್ತಿದ್ರು ಕಣವ್ವ, ನಿಮ್ಮವ್ವನ ಮಖ ನಂಗೆ ಗ್ಯಾನಕ್ಕೆ ಬರ್ತಾ ಇಲ್ಲ. ಆದ್ರೂ ನೋಡುದ್ದೆ ಅಂತ ಏಳ್ಬುಡ್ತೀನಿ. ನಂಗೆ ಯಾರೋ ಪುಣ್ಯಾತ್ಗಿತ್ತಿ ಏಳ್ಳಿಲ್ವಾ, ಅಂಗೆ. ಯಾರ್ಗೇನ್ ನಷ್ಟ?"

ಒಂದು ಮಾತಿನ ದೂರದಲ್ಲಿತ್ತು ಅವ್ವನ ಬಣ್ಣ. ಹೂಂ ಎಂದರೆ ಸಾಕಾಗಿತ್ತು. ಮದಲೇನಳಿಗೆ ಅವ್ವನ ಸೀರೆಯ ಬಣ್ಣವೂ ನೆನಪಿರಲಿಲ್ಲ. ಯಂತ್ರ ಯಾವುದೋ ಒಂದು ಚೆಂದದ ಬಣ್ಣ ಹಾಕುತ್ತಿತ್ತು. ನಾಳೆ ತಾನೂ ಅದೇ ಬಣ್ಣವೆಂದು ನಂಬುತ್ತಿದ್ದಳು.

"ಬೇಡ ಅಜ್ಜಿ," ಎಂದಳು. ಯಾಕೆಂದು ಹೇಳುವ ಧೈರ್ಯ ಬರಲಿಲ್ಲ.

ಪವಿತ್ರ ಗುರುವಾರ ಮೈಸೂರಿನಿಂದ ವನಮಾಲಾ ಮೇಡಂ ಪರದೆಯ ಮೇಲೆ ಬಂದರು. ಗಾರೆಯ ಕಣಗಳನ್ನು ಕಂಡುಹಿಡಿದವರು ಅವರೇ.

"ಮದುವೆ ಚಿತ್ರ ತುಂಬಾ ಚೆನ್ನಾಗಿ ಬಂದಿದೆ ಮದಲೇನ. ಭಾನುವಾರದ ಆಮಂತ್ರಣಕ್ಕೆ ಅದನ್ನೇ ಹಾಕಿಸಿದೀವಿ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಬಾಗಿಲು ಕಿಟಕಿ ಎಲ್ಲ ತೆಗೆಸಿಬಿಡಿ, ನೀರು ನಿಲ್ಲಿಸಿ. ಯಾರಾದ್ರೂ ತಮ್ಮ ಮಾತು ವಾಪಸ್ ತಗೊಳ್ಳೋದಿದ್ರೆ ಅಷ್ಟರೊಳಗೆ ತಗೋಬೇಕು. ಆಮೇಲೆ ಗೋಡೆ ನಮ್ಮ ಕೈಲಿರಲ್ಲ."

"ಎರಡನೆಯ ಮಾತು ವಾಪಸ್ ತಗೊಂಡ್ರೆ ಮೊದಲನೆಯದು ಏನಾಗುತ್ತೆ ಮೇಡಂ?"

"ಗೆರೆ ಆಗುತ್ತೆ. ಸಂಜೆಗೆ ಅಳಿಸಿಹೋಗುತ್ತೆ. ಯಾಕೆ?"

"ಸುಮ್ಮನೆ ಕೇಳಿದೆ," ಎಂದಳು ಮದಲೇನ.

ಶುಭ ಶುಕ್ರವಾರ ಚರ್ಚಿನ ಗಂಟೆ ಹೊಡೆಯುವುದಿಲ್ಲ. ಮರದ ಹಲಗೆ ಬಡಿದು ಜನರನ್ನು ಕರೆಯುತ್ತಾರೆ. ಶಿಲುಬೆ ಹಾದಿ ಮುಗಿದು, ಆ ಒಣ ಸದ್ದು ನಿಂತ ಮೇಲೆ ಮದಲೇನ ಅರೋಗ್ಯಮ್ಮನ ಮನೆಗೆ ಹೋದಳು. ಒಂದೇ ಕೋಣೆಯ ಮನೆ. ಮುದುಕಿ ಉಪವಾಸದ ಗಂಜಿ ಕಾಯಿಸುತ್ತಿದ್ದಳು. ಒಂದು ಲೋಟ, ಒಂದು ತಟ್ಟೆ, ಒಂದು ಮಣೆ. ಬಂದವಳಿಗೆ ಮಣೆ ಕೊಟ್ಟು ತಾನು ನೆಲಕ್ಕೆ ಕೂತಳು.

"ಬಾಗಿಲ ಹತ್ತಿರ ನಿಂತಿದ್ದ ಹುಡುಗಿ ನಾನೇ ಅಜ್ಜಿ," ಎಂದಳು ಮದಲೇನ.

"ನೀನಾಗ ಉಟ್ಟೇ ಇರ್ಲಿಲ್ವಲ್ಲ."

"ಹುಟ್ಟಿರಲಿಲ್ಲ. ಸುಳ್ಳು ಹೇಳಿದೆ. ನಿಮ್ಮದು ಅಳಿಸಿಹೋಗಬಾರದು ಅಂತ. ಯಂತ್ರ ಹೊಸದೇನಾದರೂ ಬೇಕು ಅಂತು. ಕೊಡೆ ಅಂದುಬಿಟ್ಟೆ."

ಗಂಜಿ ಉಕ್ಕಿ ಒಲೆಗೆ ಬಿತ್ತು. ಅರೋಗ್ಯಮ್ಮ ಏಳಲಿಲ್ಲ. ಮದಲೇನ ಎದ್ದು ಪಾತ್ರೆ ಇಳಿಸಿ ಬಂದು ಕೂತಳು.

"ಅಂಗಾರೆ ಯಾರೂ ಇಲ್ಲ," ಎಂದಳು ಮುದುಕಿ.

"ಯಾರೂ ಇಲ್ಲ ಅಜ್ಜಿ."

"ಕ್ಯಾತಮಾರ್ನಳ್ಳಿ ಸಿಸಿಲಿ ಇರ್ಬೌದು ಅನ್ಕಂಡಿದ್ದೆ. ಅವ್ಳು ಮಾತ್ರ ಉಳ್ದಿದ್ಲು ಕೇಳಕೆ. ನಾಳೀಕ್ ಹೋಗನಾ ಅಂತಿದ್ದೆ." ಸೆರಗಿನಿಂದ ಮೂಗೊರಸಿಕೊಂಡಳು. ಬೈಯುತ್ತಾಳೆಂದು ಮದಲೇನ ಕಾದಳು. ಬೈದಿದ್ದರೆ ಹಗುರವಾಗುತ್ತಿತ್ತು. ಅರೋಗ್ಯಮ್ಮ ತಲೆಯೆತ್ತಿ, ಬೇರೆಯದೇ ದನಿಯಲ್ಲಿ ಕೇಳಿದಳು: "ಅಂಗಾರೆ ಕೊಡೆ ಇರ್ಲಿಲ್ಲ?"

"ಇರಲಿಲ್ಲ."

"ಕೋಟೇ?"

"ಕೋಟೇ ಅಜ್ಜಿ. ನೀವು ಮೊದಲನೆಯ ದಿನ ಹೇಳಿದ್ದೇ."

ಮುದುಕಿ ತನ್ನ ಬಲ ಹೆಗಲನ್ನು ಕೈಯಿಂದ ಸವರಿಕೊಂಡಳು, ಅಲ್ಲಿ ಇನ್ನೂ ಒದ್ದೆ ಇದೆಯೇನೋ ಎಂಬಂತೆ. "ನಂಗೆ ಉಚ್ಚು ಇಡೀತು ಅನ್ಕಂಡಿದ್ದೆ ಕಣವ್ವ. ಒಂದ್ ವಾರದಿಂದ ಕಣ್ ಮುಚ್ಚುದ್ರೆ ಕೊಡೆನೇ ಬತ್ತಾ ಇತ್ತು."

"ನನ್ನ ಮಾತು ವಾಪಸ್ ತಗೊಂಡ್ರೆ ಚಿತ್ರ ಪೂರಾ ಹೋಗುತ್ತೆ. ಬಿಟ್ಟರೆ ಕೊಡೆ ಉಳಿಯುತ್ತೆ, ನೀವಿಬ್ಬರೂ ಉಳೀತೀರಿ. ನೆನಪು ನಿಮ್ಮದು. ನೀವೇ ಹೇಳಬೇಕು."

"ಅದ್ರಲ್ಲೇನ್ ಏಳದು. ಕೊಡೆ ಇಡ್ದೋನು ಯಾರೋ, ನನ್ ಗಂಡ ಅಲ್ಲ," ಎಂದಳು ಅರೋಗ್ಯಮ್ಮ. "ತೆಗಿ."

ಪವಿತ್ರ ಶನಿವಾರ ಒಂಬತ್ತೂವರೆಗೆ ಮದಲೇನ ಮೇಡಂಗೆ ಎಲ್ಲವನ್ನೂ ಹೇಳಿದಳು. ವನಮಾಲಾ ಮೇಡಂ ಸಿಟ್ಟಾಗಲಿಲ್ಲ. ಆಮಂತ್ರಣ ಹಂಚಿ ಆಗಿದೆ ಎಂದಷ್ಟೇ ಅಂದರು. "ವರದಿಯಲ್ಲಿ ಬರೆದು ಕಳಿಸಿ. ಮುಂದಿನ ಊರಿನ ಕೆಲಸದ ವಿಷಯ ಆಮೇಲೆ ಮಾತಾಡೋಣ." ಪರದೆ ಕಪ್ಪಾಯಿತು.

ಹತ್ತಕ್ಕೆ ಐದು ನಿಮಿಷ ಇರುವಾಗ ಅವಳು ಎರಡನೆಯ ದನಿಯನ್ನು ಅಳಿಸಿದಳು. ಅಳಿಸಿದೆಯೇ ಎಂದು ಮೂರು ಸಲ ನೋಡಿದಳು. ಗೋಡೆಯ ಮೇಲೆ ಮಳೆಯ ಬೆಳ್ಳಿ ಮೊದಲು ಹೋಯಿತು, ಆಮೇಲೆ ಕೊಡೆಯ ಕಪ್ಪು, ಕೊನೆಗೆ ಸೀರೆಯ ಬಿಳುಪು ಗೋಡೆಯ ಬಿಳುಪಿನಲ್ಲಿ ಸೇರಿಕೊಂಡಿತು. ಮತ್ತೆ ಗೆರೆ ಉಳಿಯಿತು: ಮೇಲೆ ಚಾಚಿದ ಎರಡು ತೋಳು, ನಡುವೆ ಕೋಟು. ಹೆಂಗಸರು ಗೋಣಿತಾಟುಗಳನ್ನು ಮಡಿಸಿ ಹೊರಗೊಯ್ದರು. ಬಾಗಿಲು ಕಿಟಕಿಗಳೆಲ್ಲ ತೆರೆದವು. ನಾಲೆಯ ಕಡೆಯಿಂದ ಬಿಸಿಗಾಳಿ ಒಳಗೆ ಬಂತು.

ದೀಪ ಹಚ್ಚುವ ಹೊತ್ತಿಗೆ ಗೋಡೆ ಒಣಗಿತ್ತು.

ಪಾಸ್ಕ ಹಬ್ಬದ ಬೆಳಿಗ್ಗೆ ಚರ್ಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಊರು ಬಿಟ್ಟು ಹೋದವರೆಲ್ಲ ಬಂದಿದ್ದರು. ಲಾಜರಪ್ಪ ಅಟ್ಟದ ಹುಡುಗನ ಪಕ್ಕ ನಿಂತು ಮೊಮ್ಮಕ್ಕಳಿಂದ ಫೋಟೋ ತೆಗೆಸಿಕೊಂಡ. ಆಮಂತ್ರಣ ಕೈಯಲ್ಲಿ ಹಿಡಿದವರು ಕೊಡೆಯ ಚಿತ್ರ ಎಲ್ಲೆಂದು ಹುಡುಕಿದರು. ಮೂಲೆಯಲ್ಲಿ ಒಂದು, ಬಾಗಿಲ ಹತ್ತಿರ ಒಂದು, ಎರಡು ಕಡೆ ಮಾತ್ರ ಗೋಡೆ ಬರೀ ಬೆಳ್ಳಗಿತ್ತು. ಕೆಲಸ ಮುಗಿದಿಲ್ಲವೇನೋ ಎಂದು ಯಾರೋ ಅಂದರು.

ಊಟದ ಹೊತ್ತಿಗೆ ಜನ ಹೊರಗೆ ಹೋದರು. ಮದಲೇನ ತಂತಿಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ ಬಂದು ನೋಡಿದರೆ, ಅರೋಗ್ಯಮ್ಮ ಕೊನೆಯ ಬೆಂಚಿನಲ್ಲಿ ಒಬ್ಬಳೇ, ಬಾಗಿಲ ಹತ್ತಿರದ ಬಿಳಿ ಜಾಗಕ್ಕೆ ಮುಖ ಮಾಡಿ ಕೂತಿದ್ದಳು.

"ಕುಂತ್ಕೊ," ಎಂದಳು ಮುದುಕಿ. "ನಿನ್ ಬಸ್ಸು ನಾಕ್ ಗಂಟೆಗೆ. ನನ್ ಮದ್ವೆ ದಿನದ್ದು ಏಳು ನೋಡನ, ನೆಪ್ಪದಾ. ತಪ್ಪುದ್ರೆ ಕೋಲ್ ತಗೋತೀನಿ."

ಮದಲೇನ ಹೇಳಿದಳು. ಮಾತೆ ತಿಂಗಳು, ಪೂಜೆ ಮುಗಿಸಿ ಬಾಗಿಲಿಗೆ ಬಂದದ್ದು, ಮೇಷ್ಟ್ರ ಕೋಟು, ಹುಣಸೆ ಮರದ ತನಕ ನಡೆದದ್ದು.

"ಊ ಮರ."

"ಹೂವಿನ ಮರದ ತನಕ. ಒಳಗಿನ ಬಟ್ಟೆ ಕೆಂಪು. ಎಡ ಹೆಗಲಿಗೆ ಬಣ್ಣ ಹತ್ತಿತು."

"ಬಲ."

"ಬಲ ಹೆಗಲು."

"ಊಂ," ಎಂದಳು ಅರೋಗ್ಯಮ್ಮ. ಹೊರಗೆ ಯಾರದೋ ಮಗು ಗಂಟೆಯ ಹಗ್ಗಕ್ಕೆ ಜೋತು ಬಿದ್ದು ಬೈಸಿಕೊಳ್ಳುತ್ತಿತ್ತು. ಮುದುಕಿ ಕೋಲನ್ನು ಮೂಲೆಯ ಕಡೆಗೆ ಚಾಚಿದಳು. "ಈಗ ನಿಂದು. ನಾ ಏಳ್ತೀನಿ, ನೀ ಕೇಳು. ನಿಮ್ಮವ್ವ ಏಣಿ ಮ್ಯಾಲೆ ನಿಂತವ್ಳೆ. ನೀನು ಕೆಳ್ಗೆ ಏಣಿ ಇಡ್ಕಂಡಿದ್ದೀಯ. ಸುಣ್ಣ ತೊಟ್ಕತಾ ಅದೆ. ನಿನ್ ತಲೆ ಮ್ಯಾಲೆ..." ಅವಳು ನಿಲ್ಲಿಸಿ, ಓರೆಗಣ್ಣಿನಲ್ಲಿ ಮದಲೇನಳನ್ನು ನೋಡಿದಳು. "ಕೊಡೆ ಅಲ್ವಲ್ಲ?"

"ಅಲ್ಲ ಅಜ್ಜಿ," ಎಂದಳು ಮದಲೇನ. "ಮೊರ."

"ಮೊರ," ಎಂದಳು ಅರೋಗ್ಯಮ್ಮ.